ಗುಂಪು ಇರಲಿ, ಪಾಳೆಯ ಬೇಡ: ಮಾಸ್ಟೊಡಾನ್, ಬ್ಲೂಸ್ಕೈಗೆ ಹೊರಟ ಮೈಸೂರು–ಮಂಡ್ಯದವರಿಗೆ

ಕನ್ನಡದಲ್ಲಿ ಬರೆಯುವ ಎಷ್ಟೋ ಜನ ನೆಚ್ಚಿಕೊಂಡಿದ್ದ ‘ಕೂ’ ಆ್ಯಪ್ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಬೆಂಗಳೂರಿನದೇ ಕಂಪನಿ, ಬರೆಯುತ್ತಿದ್ದದ್ದು ನಮ್ಮದೇ ಲಿಪಿಯಲ್ಲಿ. ಆದರೂ ಕಂಪನಿ ಕೈಚೆಲ್ಲಿದ ಮೇಲೆ ಅಲ್ಲಿ ಕಟ್ಟಿದ್ದ ಬಳಗ ಚೆಲ್ಲಾಪಿಲ್ಲಿಯಾಯಿತು. ಅದಕ್ಕೂ ಮೊದಲು, 2022ರ ಅಕ್ಟೋಬರ್‌ನಲ್ಲಿ ಟ್ವಿಟರ್ ಇಲಾನ್ ಮಸ್ಕ್ ಕೈಗೆ ಹೋದಾಗಲೇ ಒಂದಷ್ಟು ಜನ ಗಂಟುಮೂಟೆ ಕಟ್ಟಿದ್ದರು. ಈಗ ನಮ್ಮ ಕಡೆಯವರೂ ‘ಮಾಸ್ಟೊಡಾನ್ ಹೆಂಗಿದೆ, ಬ್ಲೂಸ್ಕೈಗೆ ಹೋಗೋಣ್ವಾ’ ಅಂತ ಕೇಳುತ್ತಾರೆ. ಎರಡೂ ಟ್ವಿಟರ್ ಥರ ಚಿಕ್ಕ ಪೋಸ್ಟ್ ಹಾಕುವ ಜಾಲಗಳು. ಧಾರಾಳವಾಗಿ ಹೋಗಿ. ಆದರೆ ಅಲ್ಲಿ ಜಗಳ ಆಗುವ ರೀತಿಯೇ ಬೇರೆ. ಅದನ್ನು ತಿಳಿದುಕೊಂಡು ಹೋಗುವುದು ವಾಸಿ.

ಮಾಸ್ಟೊಡಾನ್ ಅಂದರೆ ಒಂದೇ ತಾಣ ಅಲ್ಲ. ಜರ್ಮನಿಯ ಯೂಜೆನ್ ರೋಷ್ಕೊ 2016ರಲ್ಲಿ ಹೊರತಂದ ಈ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಹಾಗೆ ಹಾಕಿಕೊಂಡ ಸಾವಿರಾರು ಸರ್ವರ್‌ಗಳಿವೆ. ಮೈಸೂರಿನ ಹಳೇ ವಠಾರಗಳನ್ನು ನೆನೆಸಿಕೊಳ್ಳಿ. ಒಂದೊಂದಕ್ಕೂ ಒಬ್ಬ ಓನರ್, ಅವರದೇ ಕಟ್ಟುಪಾಡು. ಈ ವಠಾರದವರು ಪಕ್ಕದ ವಠಾರದವರ ಜೊತೆ ಆರಾಮಾಗಿ ಮಾತಾಡಬಹುದು. ಆದರೆ ಓನರ್‌ಗಳಿಬ್ಬರು ಮುನಿಸಿಕೊಂಡು ಗೇಟಿಗೆ ಬೀಗ ಹಾಕಿದರೆ ಬಾಡಿಗೆದಾರರ ಮಾತೂ ನಿಲ್ಲುತ್ತದೆ. ಸರ್ವರ್‌ಗಳು ಮಾತಾಡಿಕೊಳ್ಳುವ ಪದ್ಧತಿಗೆ ಆ್ಯಕ್ಟಿವಿಟಿಪಬ್ ಎಂದು ಹೆಸರು. 2018ರ ಜನವರಿಯಲ್ಲಿ ವೆಬ್‌ಗೆ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಅದನ್ನು ವೆಬ್‌ನ ಮಾನದಂಡ ಅಂತ ಒಪ್ಪಿತು. ಚರ್ಚೆಯ ಲೆಮ್ಮಿ, ಫೋಟೊದ ಪಿಕ್ಸೆಲ್‌ಫೆಡ್, ವಿಡಿಯೊದ ಪೀರ್‌ಟ್ಯೂಬ್ ಕೂಡ ಇದನ್ನೇ ಬಳಸುತ್ತವೆ. ಇವೆಲ್ಲ ಸೇರಿದ ಲೋಕವೇ ಫೆಡಿವರ್ಸ್. ಬ್ಲೂಸ್ಕೈದು ಬೇರೆ ದಾರಿ, ಅದಕ್ಕೆ ಆಮೇಲೆ ಬರುತ್ತೇನೆ.

ಫೇಸ್‌ಬುಕ್‌ನಲ್ಲಿ ಇಬ್ಬರು ಕಿತ್ತಾಡಿದರೆ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿ ಮುಗಿಸುತ್ತಾರೆ. ಇಲ್ಲಿ ಸರ್ವರ್‌ಗೆ ಸರ್ವರೇ ಬ್ಲಾಕ್ ಆಗುತ್ತದೆ. ನೀವು ಬಾಯಿ ಬಿಡದಿದ್ದರೂ ನಿಮ್ಮ ಅಡ್ಮಿನ್‌ನ, ಅಂದರೆ ಸರ್ವರ್ ನಡೆಸುವವರ ಜಗಳ ನಿಮ್ಮದೂ ಆಗುತ್ತದೆ. ಹಾಗಾಗಿ ಈ ಕೆಳಗಿನ ಕೆಲಸಗಳಲ್ಲಿ ಹೆಚ್ಚಿನವನ್ನು ಜಗಳ ಶುರುವಾಗುವ ಮೊದಲೇ ಮಾಡಿಕೊಂಡಿರಬೇಕು.

1. ಖಾತೆ ತೆರೆಯುವ ಮೊದಲು ಸರ್ವರ್‌ನ ಪರಿಚಯ ಪುಟ ಓದಿ

ಪ್ರತಿ ಮಾಸ್ಟೊಡಾನ್ ಸರ್ವರ್‌ಗೂ ‘ಅಬೌಟ್’ ಅಂತ ಒಂದು ಪುಟ ಇರುತ್ತದೆ. ಯಾರು ನಡೆಸುತ್ತಾರೆ, ನಿಯಮಗಳೇನು, ಯಾವ ಯಾವ ಸರ್ವರ್‌ಗಳನ್ನು ದೂರ ಇಟ್ಟಿದ್ದಾರೆ, ಎಲ್ಲ ಅಲ್ಲೇ ಸಿಗುತ್ತದೆ. ಆ ಕೊನೆಯ ಪಟ್ಟಿಯನ್ನು ಕೆಲವು ಅಡ್ಮಿನ್‌ಗಳು ಎಲ್ಲರಿಗೂ ತೋರಿಸುತ್ತಾರೆ, ಕೆಲವರು ಲಾಗಿನ್ ಆದವರಿಗೆ ಮಾತ್ರ, ಇನ್ನು ಕೆಲವರು ಯಾರಿಗೂ ತೋರಿಸುವುದಿಲ್ಲ. ತೋರಿಸುವವರನ್ನು ಆರಿಸಿಕೊಳ್ಳಿ. ‘ಇವರನ್ನು ಯಾಕೆ ಬ್ಲಾಕ್ ಮಾಡಿದೆವು’ ಎಂದು ಪಕ್ಕದಲ್ಲೇ ಒಂದು ಸಾಲು ಕಾರಣ ಬರೆದಿದ್ದರೆ ಇನ್ನೂ ಒಳ್ಳೆಯದು.

ಬ್ಲಾಕ್ ಪಟ್ಟಿ ಉದ್ದ ಇದೆ ಅಂತ ಓಡಿಹೋಗಬೇಡಿ. 2019ರಲ್ಲಿ ಗ್ಯಾಬ್ ಎಂಬ ದ್ವೇಷ ಮಾತಿಗೆ ಹೆಸರಾದ ತಾಣ ಮಾಸ್ಟೊಡಾನ್ ತಂತ್ರಾಂಶವನ್ನೇ ತಗೊಂಡು ಫೆಡಿವರ್ಸ್ ಒಳಗೆ ಬಂತು. ಮುಕ್ತ ತಂತ್ರಾಂಶ ಆದ್ದರಿಂದ ಬಳಸಬೇಡಿ ಅನ್ನುವ ಹಾಗಿರಲಿಲ್ಲ. ಆಗ ನೂರಾರು ಸರ್ವರ್‌ಗಳ ಅಡ್ಮಿನ್‌ಗಳು ತಾವಾಗಿಯೇ ಅದಕ್ಕೆ ಗೇಟು ಹಾಕಿದರು. ಅದು ಸರಿಯಾದ ಬಳಕೆ ಅಂತಲೇ ನನ್ನ ಅಭಿಪ್ರಾಯ. 2023ರಲ್ಲಿ ಮೆಟಾ ಕಂಪನಿಯ ಥ್ರೆಡ್ಸ್ ಈ ಲೋಕಕ್ಕೆ ಸೇರುತ್ತೇನೆ ಅಂದಾಗ ಕಥೆ ಬೇರೆಯಾಯಿತು. ಒಂದು ಕಡೆಯವರು ‘ಬರಲೇಬಾರದು’ ಅಂತ ಸಹಿ ಹಾಕಿದರು, ಇನ್ನೊಂದು ಕಡೆಯವರು ‘ಬರಲಿ ಬಿಡಿ’ ಅಂದರು. ಅಷ್ಟಕ್ಕೇ ನಿಲ್ಲಲಿಲ್ಲ. ‘ಥ್ರೆಡ್ಸನ್ನು ಬ್ಲಾಕ್ ಮಾಡದ ಸರ್ವರ್‌ಗಳನ್ನೂ ಬ್ಲಾಕ್ ಮಾಡಬೇಕು’ ಎನ್ನುವ ಮಾತೂ ಬಂತು. ಅವನ ಜೊತೆ ಮಾತಾಡಿದವನ ಜೊತೆ ನಾನು ಮಾತಾಡಲ್ಲ ಅನ್ನುವ ಈ ಬುದ್ಧಿ ನಮ್ಮ ಊರುಗಳಿಗೆ ಹೊಸದೇನಲ್ಲ, ಬಹಿಷ್ಕಾರದ ಕಥೆ ಕೇಳಿದವರಿಗೆ ಚೆನ್ನಾಗಿ ಗೊತ್ತು. ನೀವು ನೋಡುತ್ತಿರುವ ಸರ್ವರ್‌ನ ಪಟ್ಟಿಯಲ್ಲಿ ಇಂಥ ಎರಡನೇ ಸುತ್ತಿನ ಬ್ಲಾಕ್‌ಗಳೇ ತುಂಬಿದ್ದರೆ ಬೇರೆ ಸರ್ವರ್ ನೋಡಿ.

ನಿಯಮಗಳಲ್ಲಿ ಒಂದು ವಿಷಯ ತಪ್ಪದೆ ಹುಡುಕಿ: ಜಾತಿ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ಭಾರತದಿಂದ ದೊಡ್ಡ ಗುಂಪೇ ಮಾಸ್ಟೊಡಾನ್‌ಗೆ ಬಂತು. ಆದರೆ ಯುರೋಪಿನಲ್ಲಿ ಕೂತ ಅಡ್ಮಿನ್‌ಗಳಿಗೆ ವರ್ಣಭೇದ ಗೊತ್ತು, ಜಾತಿ ಗೊತ್ತಿಲ್ಲ. ಎಲ್ಲಕ್ಕಿಂತ ದೊಡ್ಡದಾದ ಮಾಸ್ಟೊಡಾನ್ ಡಾಟ್ ಸೋಷಿಯಲ್ ಸರ್ವರ್‌ನ ನಿಯಮದಲ್ಲಿ ಈಗ ಜಾತಿ ನಿಂದನೆಯ ಹೆಸರೂ ಇದೆ. ಎಲ್ಲ ಸರ್ವರ್‌ಗಳಲ್ಲಿ ಇಲ್ಲ. ಇಲ್ಲದ ಕಡೆ ದೂರು ಕೊಟ್ಟರೆ ‘ಇದರಲ್ಲೇನು ತಪ್ಪು’ ಅನ್ನುವ ಉತ್ತರ ಬರಬಹುದು.

2. ಪ್ರೊಫೈಲ್‌ನಲ್ಲಿ ಜಾತಕ ಬೇಡ

ಪ್ರೊಫೈಲ್ ಸಾಲಿನಲ್ಲಿ ಬಾವುಟ, ಪಕ್ಷದ ಬಣ್ಣ, ನಟನ ಅಭಿಮಾನಿ ಬಿರುದು, ಜಾತಿಯ ಹೆಮ್ಮೆ ಎಲ್ಲ ಹಾಕಿಕೊಂಡರೆ ಓದುವವರು ನಿಮ್ಮ ಪೋಸ್ಟ್ ಓದುವ ಮೊದಲೇ ನಿಮ್ಮನ್ನು ಯಾವುದೋ ಪಾಳೆಯಕ್ಕೆ ಸೇರಿಸಿಬಿಡುತ್ತಾರೆ. ಇಂಥ ಗುರುತು ಎಷ್ಟು ಬೇಗ ಕೆಲಸ ಮಾಡುತ್ತದೆ ಎಂದು ಮನಃಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶಾಲಾ ಹುಡುಗರ ಮೇಲೆ ಪರೀಕ್ಷೆ ಮಾಡಿ 1970ರಲ್ಲಿ ಪ್ರಕಟಿಸಿದ್ದರು. ಕ್ಲೇ, ಕಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳಲ್ಲಿ ಯಾವುದು ಇಷ್ಟ ಅಂತ ಕೇಳಿ, ಅದರ ನೆಪದಲ್ಲಿ ಹುಡುಗರನ್ನು ಎರಡು ಗುಂಪು ಮಾಡಿದರು. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಅಂತ ಹುಡುಗರಿಗೆ ಗೊತ್ತೇ ಇರಲಿಲ್ಲ. ಆದರೂ ದುಡ್ಡು ಹಂಚಲು ಹೇಳಿದಾಗ ತಮ್ಮ ಗುಂಪಿಗೇ ಜಾಸ್ತಿ ಕೊಟ್ಟರು. ಅದಕ್ಕಿಂತ ವಿಚಿತ್ರ ಇನ್ನೊಂದು: ಎದುರು ಗುಂಪಿನವರಿಗಿಂತ ಮೇಲಿರಬೇಕು ಅಂತ, ತಮ್ಮ ಗುಂಪಿನವರಿಗೆ ಸಿಗುವ ಮೊತ್ತವೇ ಕಡಿಮೆಯಾದರೂ ಪರವಾಗಿಲ್ಲ ಅನ್ನುವ ಲೆಕ್ಕವನ್ನೂ ಹಾಕಿದರು.

ಗುರುತನ್ನೇ ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ತನ್ನ ಗುರುತಿನ ಕಾರಣಕ್ಕೇ ಏಟು ತಿಂದವರು ಅದನ್ನು ಎತ್ತಿ ಹಿಡಿಯುವುದಕ್ಕೆ ಬೇರೆಯೇ ತೂಕ ಇದೆ. ಉಳಿದವರು ಏನು ಮಾಡುತ್ತೇವೆ ಅಂತ ಬರೆದರೆ ಸಾಕು: ‘ಪಾಂಡವಪುರ. ಕಬ್ಬು, ರಾಗಿ, ಒಂದಿಷ್ಟು ಕೋಳಿ. ಹಳೇ ಹಾಡುಗಳ ಹುಚ್ಚು.’ ಇದನ್ನು ಓದಿದ ಮಹಾರಾಷ್ಟ್ರದ ಕಬ್ಬು ಬೆಳೆಗಾರನೂ ಫಾಲೋ ಮಾಡುತ್ತಾನೆ.

3. ಭಾಷೆಯ ಸೆಟ್ಟಿಂಗ್ ಸರಿ ಮಾಡಿ, ಹ್ಯಾಶ್‌ಟ್ಯಾಗ್ ಹಿಡಿಯಿರಿ

ಮಾಸ್ಟೊಡಾನ್‌ನಲ್ಲಿ ಪ್ರತಿ ಪೋಸ್ಟ್‌ಗೂ ಭಾಷೆ ಗುರುತಿಸುವ ಜಾಗ ಇದೆ. ಅಲ್ಲಿ ‘ಕನ್ನಡ’ ಆರಿಸಿ. ಹೆಚ್ಚಿನವರು ಇಂಗ್ಲಿಷ್ ಅಂತಲೇ ಬಿಟ್ಟುಬಿಡುತ್ತಾರೆ. ಆಮೇಲೆ ಕನ್ನಡ ಮಾತ್ರ ಬೇಕು ಅಂತ ಫಿಲ್ಟರ್ ಹಾಕಿದವರಿಗೆ ಆ ಪೋಸ್ಟ್ ಕಾಣುವುದೇ ಇಲ್ಲ.

ಇಲ್ಲಿ ಫೇಸ್‌ಬುಕ್ ಥರ ನಿಮಗೆ ಏನು ಬೇಕು ಅಂತ ಊಹಿಸಿ ತಂದು ಸುರಿಯುವ ಯಂತ್ರ ಇಲ್ಲ. ಮುಖಪುಟದಲ್ಲಿ ಬರುವುದು ನೀವು ಫಾಲೋ ಮಾಡಿದವರು ಬರೆದದ್ದು, ಹಂಚಿದ್ದು, ಬಂದ ಹೊತ್ತಿನ ಕ್ರಮದಲ್ಲಿ. ಹಾಗಾಗಿ ಹ್ಯಾಶ್‌ಟ್ಯಾಗ್ ಹಾಕದಿದ್ದರೆ ಹೊಸಬರಿಗೆ ನೀವು ಸಿಗುವುದು ಕಷ್ಟ. ಹ್ಯಾಶ್‌ಟ್ಯಾಗನ್ನೇ ಫಾಲೋ ಮಾಡುವ ಸೌಲಭ್ಯವೂ ಇದೆ. ಜಾಗ ಮತ್ತು ಕೆಲಸದ ಹೆಸರು ಹಿಡಿಯಿರಿ: ಕುಕ್ಕರಹಳ್ಳಿ, ರಂಗನತಿಟ್ಟು, ಮೇಲುಕೋಟೆ, ಕಬ್ಬು, ಆಲೆಮನೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಹಕ್ಕಿ ಫೋಟೊ ಹಾಕುವವರ ಬಳಗಕ್ಕೆ ಶತ್ರು ಬೇಕಿಲ್ಲ. ‘ಅಪ್ಪಟ ಕನ್ನಡಿಗ’ ಥರದ ಹೆಸರಿಟ್ಟುಕೊಂಡ ಬಳಗದಲ್ಲಿ ಅಪ್ಪಟ ಅಲ್ಲದವರು ಯಾರು ಅನ್ನುವ ಪ್ರಶ್ನೆ ಇವತ್ತಲ್ಲ ನಾಳೆ ಏಳುತ್ತದೆ. ಮೊದಲು ಸಿಕ್ಕಿಬೀಳುವುದು ಮಂಡ್ಯದ ಮಾತಿನಲ್ಲಿ ‘ಏನ್ಲಾ, ಎಲ್ಲೋಗಿದ್ದೆ’ ಅಂತ ಬರೆಯುವವನೇ. ಅವನಿಗೆ ಮೈಸೂರಿನ ಯಾರೋ ವ್ಯಾಕರಣ ಪಾಠ ಮಾಡಲು ಬರುತ್ತಾರೆ.

ಬಳಗ ಕಟ್ಟುವಾಗಲೇ ಹೊರಗಿನ ಕೆಲವರನ್ನೂ ಸೇರಿಸಿಕೊಳ್ಳಿ: ತುಳು, ಕೊಡವ, ತಮಿಳು, ಮರಾಠಿಯಲ್ಲಿ ಬರೆಯುವವರು. ಇದರ ಉಪಯೋಗ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

4. ಕಾವೇರಿ ಬಿಸಿ ಏರಿದಾಗ

ನಮ್ಮ ಭಾಗಕ್ಕೆ ಇದು ನಿಜವಾದ ಪರೀಕ್ಷೆ. ಮಳೆ ಕೈಕೊಟ್ಟ ವರ್ಷ ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಮಂಡ್ಯದಲ್ಲಿ ರಸ್ತೆ ತಡೆ, ಫೋನಿನಲ್ಲಿ ಬೈಗುಳ. 2016ರ ಸೆಪ್ಟೆಂಬರ್‌ನಲ್ಲಿ ಹೊಡೆಯುವ ವಿಡಿಯೊಗಳು ಎರಡೂ ರಾಜ್ಯಗಳಲ್ಲಿ ಹರಿದಾಡಿದವು, ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳಿಗೆ ಬೆಂಕಿ ಬಿತ್ತು. 2023ರಲ್ಲಿ ಮತ್ತೆ ಬಂದ್ ಆಯಿತು.

ಆ ಹೊತ್ತಿಗೆ ಒಂದೇ ಸುದ್ದಿಗೆ ಎರಡು ಥರದ ಪೋಸ್ಟ್ ಬರುತ್ತದೆ.

ಮೊದಲನೆಯದು: ‘ಕೆಆರ್‌ಎಸ್ ತುಂಬಿದರೆ 124.80 ಅಡಿ. ಇವತ್ತಿನ ಮಟ್ಟ ನೂರರ ಹತ್ತಿರ ಬಂದಿದೆ. ವಿ.ಸಿ. ನಾಲೆಗೆ ಈ ಕಟ್ಟು ನೀರು ಬಿಟ್ಟಿಲ್ಲ. ನಮ್ಮ ಹೊಲದ ಕಬ್ಬಿನ ಗರಿ ಸುರುಳಿ ಸುತ್ತಿಕೊಳ್ತಿದೆ, ಫೋಟೊ ನೋಡಿ.’

ಎರಡನೆಯದು: ‘ಇವರ ಬುದ್ಧಿನೇ ಇಷ್ಟು. ಒಬ್ಬೊಬ್ಬರನ್ನೂ ಇಲ್ಲಿಂದ ಓಡಿಸಬೇಕು.’

ಸಿಟ್ಟು ಎರಡರಲ್ಲೂ ಇದೆ. ಮೊದಲನೆಯದನ್ನು ಬೂಸ್ಟ್ ಮಾಡಿ, ಅಂದರೆ ನಿಮ್ಮ ಫಾಲೋವರ್‌ಗಳಿಗೂ ಹಂಚಿ. ಅದರ ಕೆಳಗೆ ತಂಜಾವೂರಿನ ಕಡೆಯ ರೈತನೊಬ್ಬ ‘ನಮ್ಮ ಕುರುವೈ ಭತ್ತವೂ ಹಿಂಗೇ ಒಣಗ್ತಿದೆ’ ಅಂತ ಉತ್ತರ ಬರೆಯುವ ಸಾಧ್ಯತೆ ಇದೆ. ಆಗ ಮಾತು ಮುಂದುವರಿಯುತ್ತದೆ, ಒಪ್ಪಂದ ಆಗದಿದ್ದರೂ. ಎರಡನೆಯದಕ್ಕೆ ಬರುವ ಉತ್ತರವೂ ಅದರಷ್ಟೇ ಕೆಟ್ಟದಾಗಿರುತ್ತದೆ. ನಾಲ್ಕು ಜನ ಹಾಗೆ ಬರೆದರೆ ಸಾಕು, ಅತ್ತ ಕಡೆಯ ಅಡ್ಮಿನ್ ನಿಮ್ಮ ಸರ್ವರನ್ನೇ ಬ್ಲಾಕ್ ಮಾಡುತ್ತಾನೆ. ಮೊದಲನೇ ಪೋಸ್ಟ್ ಬರೆದ ರೈತನ ಮಾತೂ ಆ ಕಡೆಗೆ ತಲುಪದ ಹಾಗಾಗುತ್ತದೆ.

ಹಂಚುವ ಮೊದಲು ವಿಡಿಯೊದ ದಿನಾಂಕ ನೋಡಿ. ಹಳೇ ವಿಡಿಯೊ ಹೊಸ ವೇಷ ಹಾಕಿಕೊಂಡು ಬರುವುದು ಇದ್ದದ್ದೇ. ಅಂಕಿಗಳನ್ನು ಕೈಯಲ್ಲಿ ಇಟ್ಟುಕೊಳ್ಳಿ. 2018ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕದ ಪಾಲು 284.75 ಟಿಎಂಸಿ, ತಮಿಳುನಾಡಿನದು 404.25. ಮಾಮೂಲಿ ಮಳೆಯ ವರ್ಷ ಗಡಿಯ ಬಿಳಿಗುಂಡ್ಲುವಿನಲ್ಲಿ ನಾವು ಬಿಡಬೇಕಾದ್ದು 177.25 ಟಿಎಂಸಿ. ಬೈದಾಡುವ ಹತ್ತು ಜನರಲ್ಲಿ ಈ ಮೂರು ಅಂಕಿ ಗೊತ್ತಿರುವವರು ಎಷ್ಟು ಮಂದಿ, ನೀವೇ ಕೇಳಿ ನೋಡಿ.

ಉದ್ದನೆಯ ರಾಜಕೀಯ ಚರ್ಚೆಗೆ ಮಾಸ್ಟೊಡಾನ್‌ನ ಮುಚ್ಚಳ ಬಳಸಿ. ಪೋಸ್ಟ್ ಬರೆಯುವಾಗ ‘ಎಚ್ಚರಿಕೆ’ ಸಾಲಿನಲ್ಲಿ ‘ಕಾವೇರಿ, ರಾಜಕೀಯ’ ಅಂತ ಹಾಕಿದರೆ ಬೇಕಾದವರು ಮಾತ್ರ ತೆರೆದು ಓದುತ್ತಾರೆ. ಅಲ್ಲಿನ ಹಳಬರು ಇದನ್ನು ಮರ್ಯಾದೆಯ ವಿಷಯ ಅಂತ ನೋಡುತ್ತಾರೆ.

ಎಲ್ಲ ಜಗಳವೂ ಕಾವೇರಿಯಷ್ಟು ಭಾರದ್ದಲ್ಲ ಬಿಡಿ. 2019ರಲ್ಲಿ ಮೈಸೂರು ಪಾಕ್‌ನ ಜಿಐ ಟ್ಯಾಗ್ (ಇಂಥ ಊರಿನದೇ ಅನ್ನುವ ಅಧಿಕೃತ ಗುರುತು) ತಮಿಳುನಾಡಿಗೆ ಸಿಕ್ಕಿತು ಅಂತ ಯಾರೋ ತಮಾಷೆಗೆ ಹಾಕಿದ ಟ್ವೀಟ್‌ಗೆ ಎರಡೂ ಕಡೆಯವರು ತೊಡೆ ತಟ್ಟಿದರು. ತುಪ್ಪ, ಸಕ್ಕರೆ, ಕಡಲೆ ಹಿಟ್ಟಿಗೋಸ್ಕರ! ಇಂಥದ್ದು ಕಂಡರೆ ಸುಮ್ನೆ ನಕ್ಕು ಮುಂದೆ ಹೋಗಿ.

5. ಮ್ಯೂಟ್, ಫಿಲ್ಟರ್, ಬ್ಲಾಕ್, ರಿಪೋರ್ಟ್: ಈ ಕ್ರಮದಲ್ಲಿ

ಕಿರಿಕಿರಿ ಅನಿಸಿದರೆ ಮ್ಯೂಟ್ ಮಾಡಿ. ಎದುರಿನವರಿಗೆ ಗೊತ್ತಾಗುವುದಿಲ್ಲ. ಒಂದು ದಿನಕ್ಕೆ, ಒಂದು ವಾರಕ್ಕೆ ಅಂತ ಅವಧಿ ಹಾಕಬಹುದು. ವಿಷಯವೇ ಸಾಕಾಗಿದ್ದರೆ ಆ ಪದಕ್ಕೆ ಫಿಲ್ಟರ್ ಹಾಕಿ. ಮೇಲೆ ಬಿದ್ದು ಕಾಡುವವರಿಗೆ ಬ್ಲಾಕ್. ಒಬ್ಬರೇ ಒಂದು ಇಡೀ ಸರ್ವರನ್ನು ಬ್ಲಾಕ್ ಮಾಡುವ ಗುಂಡಿಯೂ ಇದೆ, ಆದರೆ ಅದನ್ನು ಒತ್ತಿದ ತಕ್ಷಣ ಆ ಸರ್ವರ್‌ನಲ್ಲಿರುವ ನಿಮ್ಮ ಫಾಲೋವರ್‌ಗಳೆಲ್ಲ ಕಳಚಿಹೋಗುತ್ತಾರೆ. ಸಿಟ್ಟಿನಲ್ಲಿ ಒತ್ತುವ ಗುಂಡಿ ಅದಲ್ಲ.

ಬೈದವನ ಪೋಸ್ಟನ್ನು ಎಲ್ಲರಿಗೂ ತೋರಿಸಿ ‘ನೋಡ್ರಪ್ಪ ಇವನನ್ನ’ ಅನ್ನಬೇಡಿ. ಗುಂಪು ಮುಗಿಬೀಳುವುದು ಅಲ್ಲಿಂದಲೇ ಶುರು. ಇದೇ ಕಾರಣಕ್ಕೆ ಮಾಸ್ಟೊಡಾನ್ ಬಹಳ ವರ್ಷ ಕೋಟ್ ಮಾಡುವ, ಅಂದರೆ ಇನ್ನೊಬ್ಬರ ಪೋಸ್ಟನ್ನು ನಮ್ಮ ಮಾತಿನ ಜೊತೆ ತೋರಿಸುವ ಸೌಲಭ್ಯವನ್ನೇ ಕೊಟ್ಟಿರಲಿಲ್ಲ. 2025ರಲ್ಲಿ ಕೊಟ್ಟಾಗಲೂ ಯಾರು ಕೋಟ್ ಮಾಡಬಹುದು ಅನ್ನುವ ತೀರ್ಮಾನವನ್ನು ಬರೆದವರಿಗೇ ಬಿಟ್ಟಿತು.

ರಿಪೋರ್ಟ್ ಮಾಡುವಾಗ ಸುಮ್ಮನೆ ‘ಕೆಟ್ಟ ಪೋಸ್ಟ್’ ಅಂದರೆ ಪ್ರಯೋಜನ ಇಲ್ಲ. ದೂರು ಓದಿ ತೀರ್ಮಾನಿಸುವ ಮಾಡರೇಟರ್‌ಗೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ, ಅನುವಾದದ ಯಂತ್ರಕ್ಕೆ ನಮ್ಮ ಬೈಗುಳ ಅರ್ಥ ಆಗುವುದಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ. ‘ಎರಡನೇ ಸಾಲಿನ ಪದ ಒಂದು ದಲಿತ ಜಾತಿಯ ಹೆಸರು. ಇಲ್ಲಿ ಅದನ್ನು ಬೈಗುಳದ ಹಾಗೆ ಬಳಸಿದ್ದಾರೆ. ಭಾರತದಲ್ಲಿ ಇದು ಜಾತಿ ನಿಂದನೆ. ನಿಮ್ಮ ಇಂಥ ಸಂಖ್ಯೆಯ ನಿಯಮಕ್ಕೆ ವಿರುದ್ಧ.’ ಬೈದವನು ಬೇರೆ ಸರ್ವರ್‌ನವನಾದರೆ ದೂರಿನ ಪ್ರತಿಯನ್ನು ಅಲ್ಲಿಗೂ ಕಳಿಸುವ ಆಯ್ಕೆ ಇರುತ್ತದೆ. ಅದರಲ್ಲಿ ನಿಮ್ಮ ಹೆಸರು ಹೋಗುವುದಿಲ್ಲ.

ಬ್ಲೂಸ್ಕೈಗೆ ಹೋದವರಿಗೆ

ಬ್ಲೂಸ್ಕೈ 2019ರಲ್ಲಿ ಟ್ವಿಟರ್ ಒಳಗೇ ಯೋಜನೆಯಾಗಿ ಶುರುವಾಗಿ, 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಅಲ್ಲಿ ಪಾಳೆಯ ಕಟ್ಟಿಕೊಳ್ಳುವುದು ಪಟ್ಟಿಗಳ ಮೂಲಕ. ಯಾರೋ ಒಬ್ಬರು ‘ಇವರೆಲ್ಲ ಕೆಟ್ಟವರು’ ಅಂತ ಒಂದು ಪಟ್ಟಿ ಮಾಡುತ್ತಾರೆ, ಸಾವಿರಾರು ಜನ ಒಂದೇ ಒತ್ತಿಗೆ ಆ ಪಟ್ಟಿಯಲ್ಲಿರುವವರನ್ನೆಲ್ಲ ಬ್ಲಾಕ್ ಮಾಡುತ್ತಾರೆ. ಆಮೇಲೆ ಪಟ್ಟಿ ಮಾಡಿದವರು ಯಾರನ್ನು ಸೇರಿಸಿದರೂ ಅವರು ನಿಮಗೂ ಬ್ಲಾಕ್. ಪಟ್ಟಿ ತೆರೆದು ಹತ್ತು ಪ್ರೊಫೈಲನ್ನಾದರೂ ನೋಡದೆ ಒತ್ತಬೇಡಿ. ಅಲ್ಲಿ ಯಾರು ಯಾರನ್ನು ಬ್ಲಾಕ್ ಮಾಡಿದ್ದಾರೆ ಅನ್ನುವುದು ಗುಟ್ಟಲ್ಲ ಎಂಬುದೂ ಗೊತ್ತಿರಲಿ. ಹೊಸಬರನ್ನು ಕರೆತರಲು ಸ್ಟಾರ್ಟರ್ ಪ್ಯಾಕ್ (ಯಾರನ್ನು ಫಾಲೋ ಮಾಡಬಹುದು ಅಂತ ಹೊಸಬರಿಗೆ ಕೊಡುವ ಪಟ್ಟಿ) ಒಳ್ಳೆಯ ಸಾಧನ, 150 ಜನರವರೆಗೆ ಹಾಕಬಹುದು. ಮೈಸೂರಿನ ಪ್ಯಾಕ್ ಮಾಡುವಾಗ ನಿಮ್ಮ ಕಾಲೇಜಿನವರನ್ನೇ ತುಂಬಬೇಡಿ.

6. ಗೇಟು ಬೀಳುವ ಮೊದಲೇ ಗಂಟು ಕಟ್ಟಿಟ್ಟುಕೊಳ್ಳಿ

ಮಾಸ್ಟೊಡಾನ್ ಅಡ್ಮಿನ್ ಇನ್ನೊಂದು ಸರ್ವರ್ ಮೇಲೆ ಮುಖ್ಯವಾಗಿ ಎರಡು ಥರದ ಕ್ರಮ ತೆಗೆದುಕೊಳ್ಳಬಹುದು. ‘ಲಿಮಿಟ್’ ಮಾಡಿದರೆ ಅಲ್ಲಿನವರು ಸಾರ್ವಜನಿಕ ಪಟ್ಟಿಗಳಲ್ಲಿ ಕಾಣುವುದಿಲ್ಲ, ಮೊದಲೇ ಫಾಲೋ ಮಾಡಿದವರಿಗೆ ಸಿಗುತ್ತಾರೆ. ‘ಸಸ್ಪೆಂಡ್’ ಮಾಡಿದರೆ ಎಲ್ಲ ಕಡಿದಂತೆ. ಇತ್ತೀಚಿನ ಆವೃತ್ತಿಗಳಲ್ಲಿ ಯಾರ ಸಂಬಂಧ ಕಡಿಯಿತು ಎಂದು ನಿಮಗೆ ಸೂಚನೆ ಬರುತ್ತದೆ, ಆ ಪಟ್ಟಿಯನ್ನು ಇಳಿಸಿಕೊಳ್ಳಲೂಬಹುದು.

ಸೆಟ್ಟಿಂಗ್ಸ್‌ನ ಎಕ್ಸ್‌ಪೋರ್ಟ್ ಪುಟದಿಂದ ಆಗಾಗ ಸಿಎಸ್‌ವಿ (ಸರಳ ಪಟ್ಟಿಯ) ಕಡತಗಳನ್ನು ಇಳಿಸಿಟ್ಟುಕೊಳ್ಳಿ: ನೀವು ಫಾಲೋ ಮಾಡುವವರು, ಮ್ಯೂಟ್, ಬ್ಲಾಕ್, ಬುಕ್‌ಮಾರ್ಕ್. ಬೇರೆ ಸರ್ವರ್‌ಗೆ ಹೋಗುವುದಾದರೆ ಮೊದಲು ಅಲ್ಲಿ ಖಾತೆ ತೆರೆದು, ಹಳೇ ಖಾತೆ ನಂದೇ ಅಂತ ಅಲ್ಲಿ ಗುರುತು ಹಾಕಿ, ಆಮೇಲೆ ಹಳೇ ಖಾತೆಯಿಂದ ‘ಮೂವ್’ ಕೊಡಬೇಕು. ಫಾಲೋವರ್‌ಗಳು ತಾವಾಗಿಯೇ ಹಿಂದೆ ಬರುತ್ತಾರೆ, ಹಳೇ ಪೋಸ್ಟ್‌ಗಳು ಬರುವುದಿಲ್ಲ. ಇದಕ್ಕೆಲ್ಲ ಹಳೇ ಸರ್ವರ್ ಜೀವಂತ ಇರಬೇಕು. ಮುಚ್ಚಿದ ಮೇಲೆ ಏನೂ ಮಾಡಲು ಬರುವುದಿಲ್ಲ.

7. ‘ನಮ್ಮದೇ ಸರ್ವರ್ ಕಟ್ಟೋಣ’ ಅನ್ನುವವರಿಗೆ

ಮೈಸೂರಿಗೆ ಈ ಹುಮ್ಮಸ್ಸು ಹಳೆಯದು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಬಾನುಲಿ ನಡೆಸಿದ್ದರು. ಕೆಲವು ವರ್ಷಗಳ ಮೇಲೆ ಅದನ್ನು ಸಂಸ್ಥಾನ ವಹಿಸಿಕೊಂಡಿತು. ಈಗ ಹಾಗೆ ವಹಿಸಿಕೊಳ್ಳಲು ಯಾರೂ ಬರುವುದಿಲ್ಲ. ಸರ್ವರ್ ಬಾಡಿಗೆ, ಫೋಟೊ ವಿಡಿಯೊ ತುಂಬಿದಂತೆಲ್ಲ ಬೆಳೆಯುವ ಸಂಗ್ರಹದ ಖರ್ಚು, ರಾತ್ರಿ ಹನ್ನೊಂದಕ್ಕೆ ಬರುವ ದೂರು, ಎಲ್ಲ ನಿಮ್ಮ ತಲೆಗೇ.

‘ಕನ್ನಡ ಸರ್ವರ್’ ಅಂದ ಮಾತ್ರಕ್ಕೆ ಒಳಗಿರುವವರೆಲ್ಲ ಒಂದೇ ಅಂದುಕೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಎನ್ನುವ ಕೂಗು ಎದ್ದಿತ್ತು. ಎರಡೂ ಕಡೆ ಇದ್ದವರು ಕನ್ನಡಿಗರೇ ಅಲ್ವಾ? ಊಟ, ಜಾತಿ, ಪಕ್ಷ, ಸಿನಿಮಾ ನಟರು, ಯಾವುದರಿಂದ ಬೇಕಾದರೂ ಬಿರುಕು ಬಿಡುತ್ತದೆ. ಹಾಗಾಗಿ ಮಾಡರೇಟರ್‌ಗಳೆಲ್ಲ ಒಂದೇ ಗೆಳೆಯರ ಗುಂಪಿನವರಾಗಿರಬಾರದು. ಒಬ್ಬ ಹೆಂಗಸು, ಮಂಡ್ಯದ ಹಳ್ಳಿ ಕಡೆಯ ಒಬ್ಬರು, ಜಾತಿ ನಿಂದನೆ ಎಂದರೇನು ಎಂದು ಅನುಭವಿಸಿ ಬಲ್ಲ ಒಬ್ಬರು ಇರಲೇಬೇಕು ಅನ್ನುತ್ತೇನೆ.

ಬರೆದಿಡಬೇಕಾದ ನಿಯಮಗಳು ಜಾಸ್ತಿ ಬೇಕಿಲ್ಲ. ಯಾವುದಕ್ಕೆ ಪೋಸ್ಟ್ ತೆಗೆಯುತ್ತೇವೆ, ಯಾವುದಕ್ಕೆ ಖಾತೆ ತೆಗೆಯುತ್ತೇವೆ, ಇನ್ನೊಂದು ಸರ್ವರನ್ನು ಬ್ಲಾಕ್ ಮಾಡುವ ಮೊದಲು ಸದಸ್ಯರಿಗೆ ಎಷ್ಟು ದಿನ ಮುಂಚೆ ಹೇಳುತ್ತೇವೆ, ಅಷ್ಟು ಸಾಕು. ಕೊಲೆ ಬೆದರಿಕೆ, ಮಕ್ಕಳ ಅಶ್ಲೀಲ ಚಿತ್ರದಂಥವಕ್ಕೆ ಮುಂಚೆ ಹೇಳುವ ಪ್ರಶ್ನೆಯೇ ಇಲ್ಲ, ತಕ್ಷಣ ಬ್ಲಾಕ್. ಉಳಿದ ಜಗಳಗಳಿಗೆ ಮೊದಲು ಆ ಕಡೆಯ ಅಡ್ಮಿನ್‌ಗೆ ಒಂದು ಖಾಸಗಿ ಸಂದೇಶ ಹೋಗಬೇಕು. ಅದರಲ್ಲಿ ‘ನಿಮ್ಮವರು’ ಅಂತ ಶುರುಮಾಡದೆ ಇಂಥ ಖಾತೆ, ಇಂಥ ಪೋಸ್ಟ್ ಅಂತ ಬರೆಯಿರಿ.

ಮಾಸ್ಟೊಡಾನ್ ತಂಡ ತನ್ನ ಅಧಿಕೃತ ಪಟ್ಟಿಗೆ ಸೇರುವ ಸರ್ವರ್‌ಗಳಿಗೆ ಕೆಲವು ಷರತ್ತು ಹಾಕಿದೆ: ದ್ವೇಷದ ಮಾತಿನ ಮೇಲೆ ಕ್ರಮ, ದಿನಾ ಬ್ಯಾಕಪ್, ತುರ್ತಿಗೆ ಇನ್ನೊಬ್ಬರ ಕೈಯಲ್ಲೂ ಕೀಲಿ, ಮುಚ್ಚುವುದಾದರೆ ಮೂರು ತಿಂಗಳು ಮುಂಚೆ ಸೂಚನೆ. ಪಟ್ಟಿಗೆ ಸೇರದಿದ್ದರೂ ಇವನ್ನು ಪಾಲಿಸಿ. 2021ರ ಐಟಿ ನಿಯಮಗಳಂತೆ ದೂರು ಕೇಳುವವರ ಹೆಸರು, ಸಂಪರ್ಕವನ್ನು ತಾಣದಲ್ಲಿ ಹಾಕಬೇಕು. ಆ ಹೆಸರು ಯಾರದು ಅಂತ ವಕೀಲರೊಬ್ಬರ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಿ. ಖರ್ಚಿನ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಮೊದಲ ವರ್ಷ ಐವತ್ತು ಜನಕ್ಕಿಂತ ಹೆಚ್ಚು ಸೇರಿಸಿಕೊಳ್ಳುವ ಗೋಜಿಗೆ ಹೋಗಬೇಡಿ.